ಐದನೆಯ ಬಿಲ್ಲೆ

9 ಜನವರಿ

ಗುಡುಗಪ್ಪನಿಗೆ ಅಕ್ಕನ ಆಶೀರ್ವಾದ.

ನೀನು ಕಳಿಸಿದ ಡಬ್ಬ ಹೋದ ವಾರ ಬಂತು. ಹತ್ತು ಪ್ಲಾಸ್ಟಿಕ್ ಬಿಲ್ಲೆಗಳೂ ಕ್ಷೇಮ, ಒಂದಕ್ಕೂ ಗೀರು ಬಿದ್ದಿಲ್ಲ. ಹತ್ತಿಯಲ್ಲಿ ಸುತ್ತಿ, ಅದರ ಮೇಲೆ ಕಾಗದ ಸುತ್ತಿ, ಅದರ ಮೇಲೆ ನಿನ್ನ ಹಳೆಯ ಕಾಲುಚೀಲ ಸುತ್ತಿದ್ದೀಯ. ಒಗೆದ ಕಾಲುಚೀಲ ಅಂತ ನಂಬಿದ್ದೇನೆ.

ಎಣಿಸಿ ಮುಗಿಸುವುದಕ್ಕೆ ಆರು ದಿನ ಬೇಕಾಯಿತು. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ರಕ್ತದ ಕಣ ಎಣಿಸಿದವಳಿಗೆ ನಿನ್ನ ಗುಳಿಗಳು ಯಾವ ಮಹಾ ಅಂತ ಜಂಬವಿತ್ತು. ರಕ್ತದ ಕಣಗಳು ಇಷ್ಟು ಸತಾಯಿಸುತ್ತಿರಲಿಲ್ಲ ಕಣೋ. ಈ ಪ್ಲಾಸ್ಟಿಕ್ಕಿನ ಮೇಲೆ ಧೂಳು ಯಾವುದು, ಗೀರು ಯಾವುದು, ನಿನ್ನ ಲೇಸರಿನ ಹೊಡೆತಕ್ಕೆ ಹಾರಿಬಂದ ಅಯಾನು ಹೊಕ್ಕ ಗುಳಿ ಯಾವುದು ಅಂತ ಒಂದೊಂದನ್ನೂ ಮಾತಾಡಿಸಿ ಕೇಳಬೇಕು. ನಿಮ್ಮಲ್ಲಿ ಎಣಿಸುವ ಯಂತ್ರ ಕೆಟ್ಟು ಕೂತದ್ದು ನನ್ನ ಪುಣ್ಯವೋ ಪಾಪವೋ ತಿಳಿಯದು.

ಅಂಕಿಗಳ ಹಾಳೆಗೆ ರುಜು ಹಾಕಿ ಈ ಕಾಗದದ ಜೊತೆಗಿಟ್ಟಿದ್ದೇನೆ, ಬಿಲ್ಲೆಗಳ ಡಬ್ಬವನ್ನೂ ವಾಪಸ್ಸು ಕಳಿಸಿದ್ದೇನೆ. ಇಲ್ಲೂ ಬರೆಯುತ್ತೇನೆ. ಒಂದನೆಯ ಬಿಲ್ಲೆಯಲ್ಲಿ 330, ಎರಡರಲ್ಲಿ 300, ಮೂರರಲ್ಲಿ 270, ನಾಲ್ಕರಲ್ಲಿ 240, ಐದರಲ್ಲಿ 520, ಆರರಲ್ಲಿ 400, ಏಳರಲ್ಲಿ 260, ಎಂಟರಲ್ಲಿ 120, ಒಂಬತ್ತರಲ್ಲಿ 35, ಹತ್ತರಲ್ಲಿ ಬರೀ ಆರು. ಫೋನಿನಲ್ಲಿ ಅಂಕಿ ಹೇಳಬಾರದು ಅನ್ನುವ ನಿಮ್ಮವರ ನಿಯಮ ನನಗೆ ತುಂಬ ಇಷ್ಟ. ಆ ನೆಪದಲ್ಲಾದರೂ ನೀನು ಕಾಗದ ಬರೆಯುತ್ತೀಯ. ಫೋನಿನಲ್ಲಾದರೆ ನಿನ್ನದು ಬರೀ ಹೂಂ ಹೂಂ.

ಏನು ಬಯಸುತ್ತೇವೆ ಅಂತ ಎಣಿಸುವವರಿಗೆ ಹೇಳಬಾರದು ಅನ್ನುವುದು ಇನ್ನೊಂದು ನಿಯಮ ಅಲ್ಲವೇ? ಹೋದ ತಿಂಗಳು ಬಂದಾಗ ಊಟದ ಮೇಜಿನ ಮೇಲೆ ನೀರಲ್ಲಿ ಬೆರಳದ್ದಿ ಗುಡ್ಡದ ಚಿತ್ರ ಬರೆದು, "ನಡುವೆ ಎಲ್ಲೋ ಹೀಗೆ ಬಂದ್ರೆ ಅಕ್ಕಾ, ಹೀಗೊಂದು ಬಂದ್ರೆ" ಅಂದವನು ನೀನೇ. ನಾನು ನೋಡಲಿಲ್ಲ ಅಂದುಕೋ. ಮೇಜು ಒರೆಸಿಯೂ ಆಯಿತು.

ಒಂದು ದೂರಿದೆ. ನೀನು ತಂದುಕೊಟ್ಟ ಮೈಕ್ರೋಸ್ಕೋಪಿನ ಕಣ್ಣುಗಾಜಿನ ಒಳಗೆ ಕೂರಿಸಿರುವ ಚೌಕಳಿ ಗಾಜು ಹಳತಾಗಿದೆ. ಅದರ ಗೆರೆಗಳು ನಡುಭಾಗದಲ್ಲಿ ಸೊಟ್ಟಗಾಗಿವೆ, ಮುದುಡಿದ ಚೌಕಳಿ ಬಟ್ಟೆಯ ಹಾಗೆ. ಎಷ್ಟು ಒರೆಸಿದರೂ ಅಷ್ಟೇ. ಐದನೆಯ ಬಿಲ್ಲೆಗೆ ಬರುವ ಹೊತ್ತಿಗೆ ಕಣ್ಣಲ್ಲಿ ನೀರು ಸುರಿಯಿತು. ಎದ್ದು ಕಾಫಿ ಕುಡಿದು, ಬೇರೆ ಥರ ಕೂತು ಮುಂದುವರಿಸಿದೆ. ಆಮೇಲೆ ಗೆರೆಗಳು ತಾವಾಗಿಯೇ ನೆಟ್ಟಗಾದವು. ಬಲ್ಬಿನ ಬಿಸಿಗೆ ಹಾಗಾಗುತ್ತದೇನೋ. ಹೊಸದು ಸಿಕ್ಕರೆ ಕಳಿಸು.

ಹೊತ್ತಿಗೆ ಸರಿಯಾಗಿ ಉಣ್ಣು.

ಅಕ್ಕ


21 ಜನವರಿ

ಅಕ್ಕಾ,

ಹಾಳೆ ಕೈಸೇರಿತು. ಕಾಲುಚೀಲ ಒಗೆದದ್ದೇ, ಆಣೆ.

ಒಂದು ಕೆಲಸ ಆಗಬೇಕು. ಐದನೆಯ ಬಿಲ್ಲೆಯನ್ನು ವಾಪಸ್ಸು ಕಳಿಸಿದ್ದೇನೆ. ಇನ್ನೊಮ್ಮೆ ಎಣಿಸು. ಯಾಕೆ ಅಂತ ಕೇಳಬೇಡ. ಉಳಿದವು ಬೇಕಿಲ್ಲ, ಅದೊಂದೇ ಸಾಕು.

ಗಾಜಿನ ಮೇಲೆ ಕೊರೆದ ಗೆರೆ ಸೊಟ್ಟಗಾಗುವುದಿಲ್ಲ ಅಕ್ಕ. ಬಿಸಿಗೆ ಬಗ್ಗಿ, ನೀನು ಕಾಫಿ ಕುಡಿದು ಬರುವುದರೊಳಗೆ ನೆಟ್ಟಗಾಗುವ ಗಾಜು ಎಲ್ಲಾದರೂ ಇದ್ದರೆ ಅದರ ಮೇಲೇ ಸಂಶೋಧನೆ ಮಾಡಿ ನಾನು ಉದ್ಧಾರವಾಗುತ್ತೇನೆ. ಕನ್ನಡಕ ಒರೆಸಿಕೋ. ಆದರೂ ನಿನ್ನ ಬಾಯಿಗೆ ಹೆದರಿ ಹೊಸ ಚೌಕಳಿ ಗಾಜನ್ನು ಡಬ್ಬದಲ್ಲಿ ಇಟ್ಟಿದ್ದೇನೆ.

ಇಲ್ಲಿನ ನಿರ್ದೇಶಕರು ಮೊನ್ನೆ ಕರೆಸಿದ್ದರು. ಜೂನ್‌ವರೆಗೆ ಸಮಯ ಕೊಟ್ಟಿದ್ದಾರೆ. ಅಷ್ಟರೊಳಗೆ ಏನಾದರೂ ತೋರಿಸಬೇಕು. ಇಲ್ಲದಿದ್ದರೆ ಹನ್ನೊಂದು ವರ್ಷ ನಾನು ಕಟ್ಟಿದ ಗುಂಪು ಮುಚ್ಚಿಹೋಗುತ್ತದೆ. ಅವರು ಟೀ ತರಿಸಿಕೊಟ್ಟು, ಬಹಳ ಮರ್ಯಾದೆಯಿಂದಲೇ ಹೇಳಿದರು. ಆ ಮರ್ಯಾದೆ ನೋಡಿಯೇ ಭಯವಾಯಿತು.

ಬೇಗ ಎಣಿಸು.

ತಮ್ಮ


30 ಜನವರಿ

ಗುಡುಗಪ್ಪಾ,

ಐದನೆಯದು 518. ಹೋದ ಸಲಕ್ಕಿಂತ ಎರಡು ಕಡಿಮೆ. ಆ ಎರಡು ಎಲ್ಲಿ ಹೋದವು ಅಂತ ನನ್ನನ್ನು ಕೇಳಬೇಡ, ಬಹುಶಃ ಧೂಳಾಗಿದ್ದವು. ಹೊಸ ಚೌಕಳಿ ಗಾಜು ಹಾಕಿಯೇ ಎಣಿಸಿದ್ದೇನೆ. ಗೆರೆಗಳು ನೆಟ್ಟಗಿವೆ.

ಜೂನ್ ವಿಷಯ ಓದಿ ಎರಡು ದಿನ ಊಟ ಸೇರಲಿಲ್ಲ. ಅಮ್ಮ ತೀರಿಕೊಂಡಾಗ ನೀನು ಒಂಬತ್ತು ವರ್ಷದವನು, ನಾನು ಹತ್ತೊಂಬತ್ತರವಳು. ನೀನು ಮೆಟ್ಟಿಲನ್ನು ಗುಡುಗಿನ ಹಾಗೆ ಧಡಧಡ ಇಳಿದು ಶಾಲೆಗೆ ಓಡುವ ಸದ್ದಿಗೆ ಕೆಳಗಿನವರು ಬೈಯುತ್ತಿದ್ದರು, ನನಗೆ ಮಾತ್ರ ಆ ಸದ್ದು ಕೇಳಿದರೆ ಇಡೀ ದಿನ ಲ್ಯಾಬಿನಲ್ಲಿ ಕೂರುವ ಧೈರ್ಯ ಬರುತ್ತಿತ್ತು. ಹನ್ನೊಂದು ವರ್ಷ ಮಾಡಿದ್ದನ್ನು ಯಾರೂ ಒಂದು ಕಪ್ ಟೀ ಕೊಟ್ಟು ಮುಚ್ಚಲಾರರು. ಧೈರ್ಯವಾಗಿರು.

ಇಲ್ಲಿ ಹೊಸದೇನಿಲ್ಲ. ಅಡುಗೆಮನೆಯ ಕಿಟಕಿಯ ಸರಳೊಂದು ಸೊಟ್ಟಗಾಗಿದೆ. ಬಡಗಿಗೆ ಹೇಳಿಕಳಿಸಿದ್ದೇನೆ.

ಅಕ್ಕ


8 ಫೆಬ್ರವರಿ

ಅಕ್ಕಾ, ನನ್ನ ಅಕ್ಕಾ,

ಈಗ ನಿಯಮ ಗಿಯಮ ಎಲ್ಲ ಪಕ್ಕಕ್ಕಿಟ್ಟು ಹೇಳುತ್ತೇನೆ. ಬಂದಿದೆ. ನಾನು ನಿನ್ನ ಮೇಜಿನ ಮೇಲೆ ನೀರಲ್ಲಿ ಬರೆದ ಗುಡ್ಡ ನಿನ್ನ ಎಣಿಕೆಯಲ್ಲಿ ಬಂದಿದೆ.

ಸಾವಧಾನವಾಗಿ ಕೇಳು. ಲೇಸರು ಬಡಿದ ಜಾಗದಲ್ಲಿ ಅನಿಲ ಪ್ಲಾಸ್ಮಾ ಆಗುತ್ತದೆ. ಅಂದರೆ ಎಲೆಕ್ಟ್ರಾನುಗಳು ಬೇರೆ, ಅಯಾನುಗಳು ಬೇರೆ ಆಗಿ ಕುದಿಯುವ ಸ್ಥಿತಿ. ಸಾಮಾನ್ಯವಾಗಿ ಅಲ್ಲಿಂದ ಹೊರಡುವ ಅಯಾನುಗಳಿಗೆ ಶಿಸ್ತಿಲ್ಲ. ನಿಧಾನದವು ಬಹಳ, ಜೋರಾದವು ಕೆಲವೇ. ಬಿಲ್ಲೆಗಳನ್ನು ಅವುಗಳ ದಾರಿಯಲ್ಲಿ ಒಂದರ ಹಿಂದೊಂದು ಜೋಡಿಸಿಟ್ಟಿರುತ್ತೇವೆ. ನಿಧಾನದವು ಮೊದಲ ಬಿಲ್ಲೆಗಳಲ್ಲೇ ನಿಂತುಬಿಡುತ್ತವೆ, ಜೋರಾದವು ಒಳಗಿನ ಬಿಲ್ಲೆವರೆಗೆ ಹೋಗುತ್ತವೆ. ಎಣಿಸಿದರೆ ಅಂಕಿಗಳು ಮೆಟ್ಟಿಲಿನ ಹಾಗೆ ಇಳಿಯುತ್ತ ಹೋಗಬೇಕು. ಹನ್ನೊಂದು ವರ್ಷವೂ ನನಗೆ ಸಿಕ್ಕಿದ್ದು ಮೆಟ್ಟಿಲೇ.

ಆದರೆ ಎಲ್ಲ ಹದವಾಗಿ ಕೂಡಿಬಂದರೆ ಪ್ಲಾಸ್ಮಾದೊಳಗೆ ಒಂದು ಆಘಾತ ತರಂಗ ಹುಟ್ಟುತ್ತದೆ. ಒತ್ತಡದ ಒಂದು ಗೋಡೆಯೇ ಎದ್ದು ಓಡಿದಂತೆ. ಮುಂದೆ ಸುಮ್ಮನೆ ನಿಂತಿದ್ದ ಅಯಾನುಗಳಿಗೆ ಆ ಗೋಡೆ ಡಿಕ್ಕಿ ಹೊಡೆದರೆ ಅವು ಗೋಡೆಗಿಂತ ಎರಡು ಪಟ್ಟು ವೇಗದಲ್ಲಿ ಹಾರುತ್ತವೆ. ಹೊಡೆದ ಗೋಡೆ ಒಂದೇ, ಆದ್ದರಿಂದ ಎಲ್ಲಕ್ಕೂ ಒಂದೇ ವೇಗ. ಎಲ್ಲವೂ ಒಂದೇ ಆಳದಲ್ಲಿ ಹೋಗಿ ಗುಡ್ಡೆ ಬೀಳುತ್ತವೆ. ನಿನ್ನ ಐದನೆಯ ಬಿಲ್ಲೆಯಲ್ಲಿ ಬಿದ್ದಿರುವುದು ಅದೇ. ನಾಲ್ಕರಲ್ಲಿ 240, ಐದರಲ್ಲಿ 520. ಮೊದಲು ನಾನೇ ನಂಬಲಿಲ್ಲ, ಅದಕ್ಕೇ ಐದನ್ನು ಮತ್ತೆ ಎಣಿಸು ಅಂದದ್ದು.

ಚಿತ್ರ ಬರೆಸಿ ನನ್ನ ಮೇಜಿನ ಎದುರಿನ ಗೋಡೆಗೆ ಅಂಟಿಸಿದ್ದೇನೆ. ನಿರ್ದೇಶಕರು ಬಂದು ಅದರ ಮುಂದೆ ಹತ್ತು ನಿಮಿಷ ನಿಂತಿದ್ದರು. ಮಾರ್ಚಿನ ದೊಡ್ಡ ಸಭೆಯಲ್ಲಿ ನಾನು ಮಾತಾಡಬೇಕಂತೆ. ಜೂನ್ ಸುದ್ದಿಯನ್ನು ಯಾರೂ ಎತ್ತುತ್ತಿಲ್ಲ.

ನಿನ್ನ ಕಣ್ಣಿಗೆ ಎಷ್ಟು ನಮಸ್ಕಾರ ಮಾಡಿದರೂ ಸಾಲದು.

ನಿನ್ನ ತಮ್ಮ


16 ಫೆಬ್ರವರಿ

ಗುಡುಗಪ್ಪಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಕೆಳಮನೆಯ ದರ್ಜಿಯವರಿಗೂ ಓದಿ ಹೇಳಿದೆ. "ನಿಮ್ಮ ತಮ್ಮ ಏನೋ ದೊಡ್ಡದನ್ನೇ ಹಿಡಿದಿದ್ದಾನೆ ಅನ್ನಿ" ಅಂದರು. ಅವರಿಗೆ ಅರ್ಥವಾಗಿದ್ದು ಅಷ್ಟು. ನನಗೆ ಅರ್ಥವಾಗಿದ್ದು ಬೇರೆ ರೀತಿ. ನಮ್ಮ ಸೋದರತ್ತೆ ನೆನಪಿದ್ದಾಳಾ? ಅವಳು ಬಾಗಿಲಿಂದ ಒಳಗೆ ನುಗ್ಗಿದರೆ ಸುಮ್ಮನೆ ನಿಂತಿದ್ದವರೆಲ್ಲ ಒಂದೇ ವೇಗದಲ್ಲಿ ಹಾರಿ ಹಿಂದಿನ ಕೋಣೆಯಲ್ಲಿ ಗುಡ್ಡೆ ಬೀಳುತ್ತಿದ್ದೆವು. ನಿನ್ನ ಆಘಾತ ತರಂಗ ಅಂದರೆ ಅತ್ತೆಯೇ ಅಂತ ತಿಳಿದುಕೊಂಡಿದ್ದೇನೆ. ತಪ್ಪಿದ್ದರೆ ತಿದ್ದು.

ಆ ಚಿತ್ರದ ಒಂದು ಪ್ರತಿ ನನಗೂ ಕಳಿಸು. ನಾನೂ ಗೋಡೆಗೆ ಅಂಟಿಸುತ್ತೇನೆ.

ಬಡಗಿ ಬಂದಿದ್ದರು. ಸರಳು ಸೊಟ್ಟಗಿದೆ ನೋಡಿ ಅಂದೆ. ಕಿಟಕಿಗೆ ರಸಮಟ್ಟ ಹಿಡಿದರು, ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದರು. "ಅಮ್ಮಾ, ನಲವತ್ತು ವರ್ಷದಿಂದ ಕಿಟಕಿ ಕೂರಿಸ್ತಿದ್ದೀನಿ. ಇದಕ್ಕಿಂತ ನೆಟ್ಟಗಿರೋ ಕಿಟಕಿ ನಾನು ನೋಡಿಲ್ಲ. ಏನನ್ನ ರಿಪೇರಿ ಮಾಡ್ಲಿ ಹೇಳಿ?" ಅಂದರು. ಅವರು ಹೋದ ಮೇಲೆ ನಾನೂ ಅವರ ಹಾಗೆಯೇ ಒಂದೊಂದು ಕಣ್ಣು ಮುಚ್ಚಿ ನೋಡಿದೆ. ಕಿಟಕಿ ವಿಷಯ ಬಿಡು, ಅದು ಸರಿಯಾಗಿಯೇ ಇದೆ.

ಒಂದು ಮಾತು. ಮೊದಲ ನಾಲ್ಕು ಬಿಲ್ಲೆಗಳನ್ನೂ ಒಮ್ಮೆ ಕಳಿಸುತ್ತೀಯಾ? ಐದನೆಯದನ್ನು ಎರಡು ಸಲ ಎಣಿಸಿ ಅವನ್ನು ಒಂದೇ ಸಲ ಎಣಿಸಿದ್ದು ನನಗೆ ಸರಿಕಾಣುತ್ತಿಲ್ಲ. ಸಭೆಗೆ ಮೊದಲೇ ಆದರೆ ಒಳ್ಳೆಯದು.

ಅಕ್ಕ


3 ಮಾರ್ಚ್

ಅಕ್ಕಾ,

ಅವಸರದಲ್ಲಿದ್ದೇನೆ. ಆ ಕಟ್ಟು ಈಗ ಬೀರುವಿನೊಳಗೆ ಮೊಹರು ಬಿದ್ದು ಕೂತಿದೆ, ನಾನು ಮುಟ್ಟಬೇಕಾದರೂ ಮೂವರ ರುಜು ಬೇಕು. ನೆನಪಿಗೆ ಇಟ್ಟುಕೊಳ್ಳುವ ಆಸೆ ನಿನಗೆ ಅಂತ ಗೊತ್ತು. ಮುಂದೆ ಒಂದು ದಿನ ಕೊಡಿಸುತ್ತೇನೆ. ಅವುಗಳ ಎಣಿಕೆಯಲ್ಲಿ ವಿಚಿತ್ರವೇನೂ ಇಲ್ಲ, ಮತ್ತೆ ನೋಡುವ ಅಗತ್ಯವಿಲ್ಲ.

ಸಭೆ ಚೆನ್ನಾಗಿ ಆಯಿತು. ಎದ್ದು ನಿಂತು ಚಪ್ಪಾಳೆ ಹೊಡೆದರು ಅಕ್ಕ. ನನ್ನ ಬಾಳಿನಲ್ಲಿ ಮೊದಲ ಸಲ.

ಎರಡನೆಯ ಕಟ್ಟು ಕಳಿಸಿದ್ದೇನೆ. ಏನು ಬರಬೇಕು ಅಂತ ನಾನು ಹೇಳುತ್ತಿಲ್ಲ. ನಿನಗೆ ಗೊತ್ತಿಲ್ಲ ಅಂತಲೂ ಅಂದುಕೊಳ್ಳುತ್ತೇನೆ.

ತಮ್ಮ


14 ಮಾರ್ಚ್

ತಮ್ಮಾ,

ಎರಡನೆಯ ಕಟ್ಟು ಎಣಿಸಿದ್ದಾಯಿತು. 790, 715, 650, 580, 495, 390, 240, 110, 30, 4. ಪ್ರತಿ ಬಿಲ್ಲೆಯನ್ನೂ ಎರಡೆರಡು ಸಲ ನೋಡಿದ್ದೇನೆ. ಇದ್ದದ್ದು ಇಷ್ಟೇ.

ನಿನಗೆ ಎದ್ದು ನಿಂತು ಚಪ್ಪಾಳೆ ಹೊಡೆದರು ಅಂತ ಓದಿ ಸಂತೋಷವಾಯಿತು. ಮೊದಲ ಕಟ್ಟಿನ ನಾಲ್ಕು ಬಿಲ್ಲೆಗಳನ್ನು ಆದಷ್ಟು ಬೇಗ ಕಳಿಸುವುದಕ್ಕೆ ಆಗುತ್ತದಾ ನೋಡು. ನೆನಪಿಗೆ ಅಂತ ಅಲ್ಲ.

ಅಕ್ಕ


30 ಮಾರ್ಚ್

ಅಕ್ಕಾ,

ಅದೇ ಲೇಸರು, ಅದೇ ಅನಿಲ, ಅದೇ ಒತ್ತಡ. ಗುಡ್ಡ ಎಲ್ಲಿ ಹೋಯಿತು? ಇಲ್ಲಿ ನಾವು ಆರು ಜನ ಹಗಲೆಲ್ಲ ತಲೆ ಚಚ್ಚಿಕೊಳ್ಳುತ್ತಿದ್ದೇವೆ. ನೋಡಿದವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ.

ನಾನೂ ನಿನ್ನನ್ನು ಕೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡ. ಈ ಸಲ ಗಮನ ಕೊಟ್ಟು ನೋಡಿದೆಯಾ? ಧೂಳನ್ನೆಲ್ಲ ಸೇರಿಸಿ ಎಣಿಸಿಬಿಟ್ಟೆಯಾ? ಮೊದಲ ಬಿಲ್ಲೆಗಳಲ್ಲಿ ಇಷ್ಟೊಂದು ಗುಳಿ ಹೋದ ಸಲ ಇರಲಿಲ್ಲ. ಬೇಗ ಮುಗಿಸುವ ಆತುರ ಬೇಡ. ಮೂರನೆಯ ಕಟ್ಟು ಕಳಿಸಿದ್ದೇನೆ. ದಯವಿಟ್ಟು ಮೊದಲನೆಯದನ್ನು ಎಣಿಸಿದ ಹಾಗೆ ಎಣಿಸು.

ತಮ್ಮ


12 ಏಪ್ರಿಲ್

ತಮ್ಮಾ,

805, 740, 660, 590, 510, 395, 250, 115, 33, 5.

ಮೊದಲನೆಯದನ್ನು ಎಣಿಸಿದ ಹಾಗೆ ಎಣಿಸು ಅಂದೆ. ಅದು ನನ್ನಿಂದ ಆಗಲಿಲ್ಲ. ಧೂಳಿಗೂ ಗುಳಿಗೂ ವ್ಯತ್ಯಾಸ ತಿಳಿಯದವಳ ಕೈಗೆ ಇಪ್ಪತ್ತಾರು ವರ್ಷ ಯಾರೂ ರೋಗಿಗಳ ರಕ್ತ ಕೊಡುತ್ತಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಡ ಅಂದಿದ್ದೀಯ, ಮಾಡಿಕೊಂಡಿದ್ದೇನೆ. ನೀನಲ್ಲದೆ ಬೇರೆ ಯಾರೇ ಹಾಗೆ ಕೇಳಿದ್ದರೂ ಡಬ್ಬ ಮುಚ್ಚಿ ವಾಪಸ್ಸು ಕಳಿಸುತ್ತಿದ್ದೆ.

ನಾನು ಚೆನ್ನಾಗಿದ್ದೇನೆ. ಸೂಜಿಗೆ ದಾರ ಪೋಣಿಸುವ ಕೆಲಸವನ್ನು ಮಾತ್ರ ದರ್ಜಿಯವರಿಗೆ ಒಪ್ಪಿಸಿದ್ದೇನೆ. ವಯಸ್ಸು.

ನಿನಗೆ ಉದ್ದದ ಒಂದು ಕಾಗದ ಬರೆದಿದ್ದೆ. ಆಮೇಲೆ ಹರಿದುಹಾಕಿದೆ. ಜೂನ್ ಕಳೆಯಲಿ.

ಅಕ್ಕ


2 ಮೇ

ಅಕ್ಕಾ,

ಎಣಿಸುವ ಯಂತ್ರ ರಿಪೇರಿಯಾಗಿ ಬಂದಿದೆ. ಇನ್ನು ಮುಂದೆ ನಿನಗೆ ಡಬ್ಬ ಬರುವುದಿಲ್ಲ. ಇಷ್ಟು ದಿನ ಮಾಡಿದ್ದೇ ದೊಡ್ಡ ಉಪಕಾರ. ನಿನಗೂ ದಣಿವಾಗಿದೆ, ವಿಶ್ರಾಂತಿ ತೆಗೆದುಕೋ. ಮೈಕ್ರೋಸ್ಕೋಪನ್ನು ಬಟ್ಟೆ ಮುಚ್ಚಿ ಇಡು, ಮುಂದೆ ಯಾವಾಗಲಾದರೂ ಬಂದಾಗ ಒಯ್ಯುತ್ತೇನೆ.

ನನ್ನ ಕೆಲಸದ ಬಗ್ಗೆ ಚಿಂತೆ ಮಾಡಬೇಡ. ಎಲ್ಲ ಸರಿಯಾಗಿದೆ.

ತಮ್ಮ


19 ಆಗಸ್ಟ್

ಗುಡುಗಪ್ಪಾ,

ಅಕ್ಷರ ನನ್ನದಲ್ಲ ಅಂತ ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ದರ್ಜಿಯವರು ಬರೆಯುತ್ತಿದ್ದಾರೆ. ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು, ಮಧ್ಯೆ ಸಮಾಧಾನ ಹೇಳಬಾರದು ಅಂತ ಮೊದಲೇ ಮಾತಾಗಿದೆ.

ಮೂರೂವರೆ ತಿಂಗಳು ನಿನ್ನಿಂದ ಒಂದು ಸಾಲಿಲ್ಲ. ಫೋನು ಮಾಡಿದರೆ ಕೆಲಸದಲ್ಲಿದ್ದೀನಿ ಅಂತ ಇಟ್ಟುಬಿಡುತ್ತೀಯ. ನನ್ನ ಎಣಿಕೆ ಕೆಟ್ಟಿತು ಅಂತ ಸಿಟ್ಟು ನಿನಗೆ. ಕೆಟ್ಟದ್ದು ನಿಜ. ಆದರೆ ಕೆಟ್ಟದ್ದು ನೀನು ಅಂದುಕೊಂಡ ಕಟ್ಟಿನಲ್ಲಲ್ಲ.

ಲ್ಯಾಬಿನ ದಿನಗಳಿಂದಲೂ ನಾನು ಮೈಕ್ರೋಸ್ಕೋಪಿಗೆ ಬಲಗಣ್ಣು ಇಟ್ಟೇ ಎಣಿಸುವವಳು. ಜನವರಿಯಲ್ಲಿ ಮೊದಲ ನಾಲ್ಕು ಬಿಲ್ಲೆಗಳನ್ನು ಎಣಿಸಿದ್ದೂ ಬಲಗಣ್ಣಲ್ಲೇ. ನಾಲ್ಕು ಮುಗಿಯುವಾಗ ನೀರು ಸುರಿಯಿತು ಅಂತ, ಐದನೆಯದಕ್ಕೆ ಎಡಗಣ್ಣು ಇಟ್ಟೆ. ಅದೇ ಹಿತ ಅನ್ನಿಸಿ ಆಮೇಲಿನ ಎಣಿಕೆಯೆಲ್ಲ ಎಡಗಣ್ಣಲ್ಲೇ. ಗೆರೆ ನೆಟ್ಟಗಾದವು ಅಂತ ಬರೆದಿದ್ದೆನಲ್ಲ, ಅವು ನೆಟ್ಟಗಾದದ್ದು ಹಾಗೆ. ಆಗ ನನಗೆ ಏನೂ ಅನ್ನಿಸಲಿಲ್ಲ, ಸತ್ಯವಾಗಿ. ಬಡಗಿ ಹೋದ ದಿನ ಒಂದೊಂದೇ ಕಣ್ಣು ಮುಚ್ಚಿ ಕಿಟಕಿ ನೋಡಿದಾಗ ಗೊತ್ತಾಯಿತು. ಎಡಗಣ್ಣಿಗೆ ನೆಟ್ಟಗಿದ್ದ ಸರಳು ಬಲಗಣ್ಣಿಗೆ ಬಳುಕುತ್ತಿತ್ತು, ನಟ್ಟನಡುವೆ ಒಂದು ಮಸಿ. ಆ ಮಸಿಯೊಳಗೆ ಬಿದ್ದ ಗುಳಿಗಳನ್ನೆಲ್ಲ ನಾನು ಇಲ್ಲ ಅಂತ ಎಣಿಸಿದ್ದೆ. ಅಂದರೆ ಐದರಲ್ಲಿ ಗುಡ್ಡೆ ಬಿದ್ದಿರಲಿಲ್ಲ. ಅದರ ಹಿಂದಿನ ನಾಲ್ಕು ಮೆಟ್ಟಿಲುಗಳನ್ನು ನಾನು ತಗ್ಗಿಸಿದ್ದೆ.

ಅದಕ್ಕೆ ಕೆಲವೇ ದಿನ ಮುಂಚೆ, ನೀನು ಅಕ್ಕಾ, ನನ್ನ ಅಕ್ಕಾ ಅಂತ ಕರೆದು ಬರೆದ ಕಾಗದ ಬಂದಿತ್ತು. ಅದನ್ನು ಓದಿದ ಮೇಲೆ ಹೇಗೆ ಹೇಳಲಿ? ಬಿಲ್ಲೆಗಳು ಬಂದರೆ ಎಡಗಣ್ಣಲ್ಲಿ ಮತ್ತೆ ಎಣಿಸಿ, ಸಭೆಗೆ ಮುಂಚೆ ತಿದ್ದಿಬಿಡೋಣ ಅಂದುಕೊಂಡೆ. ಬರಲಿಲ್ಲ. ಎರಡನೆಯ ಕಟ್ಟಿನಲ್ಲಿ ನಿಜವಾದ ಗುಡ್ಡವೇ ಬಂದುಬಿಟ್ಟರೆ ಮೊದಲನೆಯದು ಹೇಗಿದ್ದರೇನು ಅಂತ ಹಾರೈಸಿದೆ. ಬರಲಿಲ್ಲ. ಮೂರನೆಯದರಲ್ಲೂ ಹಾಗೇ.

ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಅಂತ ನೀನು ಕೇಳುತ್ತೀಯ. ಹೋದರೆ ಕಣ್ಣು ಕೆಟ್ಟಿದೆ ಅನ್ನುತ್ತಾರೆ. ಅವರು ಹಾಗಂದುಬಿಟ್ಟರೆ ನಿನ್ನ ಗುಡ್ಡ ಸುಳ್ಳು ಅಂತ ನಾನು ಬರೆಯಲೇಬೇಕಾಗುತ್ತದೆ. ಅವರು ಹೇಳುವ ತನಕ ಏನೂ ಆಗಿಲ್ಲ ಅಂತ ಇದ್ದುಬಿಟ್ಟೆ. ಜೂನ್ ಕಳೆದು ನಿನ್ನ ಗುಂಪು ಉಳಿದುಕೊಂಡ ಮೇಲೆ ಹೋಗೋಣ ಅಂತ ಮನಸ್ಸಿನಲ್ಲೇ ವಾಯಿದೆ ಹಾಕಿದೆ.

ಜೂನ್ ಕೊನೆಗೆ ಎಡಗಣ್ಣಲ್ಲೂ ಗೆರೆ ಅಲುಗಿತು. ಆದರೂ ಹೋಗಲಿಲ್ಲ. ಮೊನ್ನೆ ಮೆಟ್ಟಿಲಲ್ಲಿ ಎಡವಿದಾಗ ದರ್ಜಿಯವರೇ ಕೈಹಿಡಿದು ಕರೆದುಕೊಂಡು ಹೋದರು. ಡಾಕ್ಟರಮ್ಮ ಒಂದು ಕಾರ್ಡು ಕೊಟ್ಟು ಏನು ಕಾಣುತ್ತದೆ ಹೇಳಿ ಅಂದರು. ನೋಡಿದರೆ ನಿನ್ನ ಚೌಕಳಿ ಗಾಜೇ, ಕಾಗದದ ಮೇಲೆ ಅಚ್ಚಾಗಿದೆ. ಅದೇ ಗೆರೆ, ಅದೇ ಚೌಕ. ಕಣ್ಣಿನ ಒಳಪರದೆಯ ನಡುಭಾಗ ಕೆಡುವ ಈ ಕಾಯಿಲೆಯನ್ನು ಕಂಡುಹಿಡಿಯುವುದಕ್ಕೆ ಅದನ್ನೇ ಇಟ್ಟುಕೊಂಡಿರುತ್ತಾರಂತೆ. ನನಗೆ ನಗು ಬಂತು.

"ಗೆರೆ ಯಾವಾಗಿಂದ ಸೊಟ್ಟ ಕಾಣ್ತಿದೆ?" ಅಂದರು.

"ಜನವರಿಯಿಂದ."

"ಈಗ ಆಗಸ್ಟು. ಆಗಲೇ ಬಂದಿದ್ರೆ ಇಂಜೆಕ್ಷನ್ ಕೊಟ್ಟು ಬಲಗಣ್ಣು ಉಳಿಸಬಹುದಿತ್ತಮ್ಮ. ಇಷ್ಟು ದಿನ ಏನ್ ಮಾಡ್ತಿದ್ರಿ?"

"ಎಣಿಸ್ತಿದ್ದೆ" ಅಂದೆ. ಅವರಿಗೆ ಅರ್ಥವಾಗಲಿಲ್ಲ.

ಬಲಗಣ್ಣಿನ ನಡುವಿನ ನೋಟ ಇನ್ನು ಬರುವುದಿಲ್ಲವಂತೆ. ಎಡಗಣ್ಣಿಗೆ ತಿಂಗಳಿಗೊಂದು ಇಂಜೆಕ್ಷನ್ ಕೊಟ್ಟು ನೋಡುತ್ತಾರೆ. ಭರವಸೆ ಕೊಡಲಿಲ್ಲ.

ನಿನ್ನ ಸಭೆಯವರಿಗೆ ಈ ಕಾಗದ ತೋರಿಸು. ತಪ್ಪು ನಿನ್ನದಲ್ಲ, ಎಣಿಸಿದವಳದ್ದು ಅಂತ ಹೇಳು. ರುಜು ನನ್ನದೇ ಇದೆ.

ಅಕ್ಕ


27 ಆಗಸ್ಟ್

ಅಕ್ಕಾ,

ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೇನೆ. ಆದರೂ ನೀನು ಕಣ್ಣಿಗೆ ಶ್ರಮ ಕೊಡಬೇಡ, ದರ್ಜಿಯವರ ಕೈಲಿ ಓದಿಸು. ಅವರ ಮುಂದೆ ನನಗೆ ನಾಚಿಕೆಯಿಲ್ಲ. ನಾಚಿಕೆಪಡಬೇಕಾದವನು ನಾನೊಬ್ಬನೇ, ಅದು ಅವರಿಗೂ ಗೊತ್ತಾಗಲಿ.

ತೋರಿಸುವುದಕ್ಕೆ ಸಭೆಯೇನೂ ಉಳಿದಿಲ್ಲ. ಏಪ್ರಿಲ್ ಕೊನೆಗೆ ಯಂತ್ರ ರಿಪೇರಿಯಾದಾಗ ಮೊದಲು ಮಾಡಿದ ಕೆಲಸವೇ ಬೀರು ತೆರೆಸಿ ಮೊದಲ ಕಟ್ಟನ್ನು ಅದಕ್ಕೆ ಕೊಟ್ಟದ್ದು. 820, 750, 680, 605, 520. ಮೆಟ್ಟಿಲು. ಮೊದಲ ನಾಲ್ಕರಲ್ಲಿ ನಿನ್ನ ಎಣಿಕೆಯಿಂದ ಅರ್ಧಕ್ಕಿಂತ ಹೆಚ್ಚು ಕಾಣೆಯಾಗಿದ್ದವು. ನನಗೆ ತಟ್ಟನೆ ಹೊಳೆದದ್ದು ಏನು ಗೊತ್ತೇ? ನಾನು ನೀರಲ್ಲಿ ಬರೆದ ಗುಡ್ಡ. ನಾನು ಆಸೆಪಟ್ಟೆ ಅಂತ ಅಕ್ಕ ಮೊದಲ ನಾಲ್ಕನ್ನು ಬೇಕೆಂದೇ ಕಡಿಮೆ ಎಣಿಸಿಬಿಟ್ಟಳು, ಆಮೇಲೆ ಹೆದರಿ ಸರಿಯಾಗಿ ಎಣಿಸಿದಳು ಅಂದುಕೊಂಡೆ. ಬಿಲ್ಲೆ ವಾಪಸ್ಸು ಕೇಳಿದ್ದೂ ಅದಕ್ಕೇ ಇರಬೇಕು ಅಂದುಕೊಂಡೆ. ನಿನ್ನ ಮೇಲೆ ಸಿಟ್ಟು ಬರಲಿಲ್ಲ ಅಕ್ಕ. ನೀನು ನನ್ನನ್ನು ಸಾಕಿದ ರೀತಿ ನೆನಪಾಗಿ ಅಳು ಬಂತು. ಹೀಗಾಯಿತಾ ಅಂತ ಕೇಳಿದರೆ ನಿನಗೆ ಅವಮಾನವಾಗುತ್ತದೆ ಅಂತ ಕೇಳಲಿಲ್ಲ. ಮೇ ತಿಂಗಳಲ್ಲಿ ಎಲ್ಲರ ಮುಂದೆ ನಿಂತು, ಎಣಿಸಿದವನು ನಾನೇ, ತಪ್ಪು ನನ್ನದು ಅಂದೆ. ನಿನ್ನ ರುಜು ಇದ್ದ ಹಾಳೆಯನ್ನು ತೆಗೆದಿಟ್ಟುಕೊಂಡೆ. ಜೂನ್‌ನಲ್ಲಿ ಗುಂಪು ಮುಚ್ಚಿತು. ಈಗ ಬೇರೆಯವರ ಕೈಕೆಳಗೆ ಪಂಪುಗಳನ್ನು ನೋಡಿಕೊಂಡಿದ್ದೇನೆ. ನಿನಗೆ ಹೇಳಿದರೆ ನಿನ್ನಿಂದಲೇ ಹೀಗಾಯಿತು ಅಂತ ಕೊರಗುತ್ತೀಯ ಅಂತ ಫೋನಿನಲ್ಲೂ ತಪ್ಪಿಸಿಕೊಂಡೆ.

ಮೇ ತಿಂಗಳಲ್ಲಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ಅಕ್ಕಾ, ಯಾಕೆ ಹೀಗೆ ಎಣಿಸಿದೆ ಅಂತ. ನಿನ್ನ ಎಡಗಣ್ಣಿನ ಗೆರೆ ಇನ್ನೂ ಅಲುಗಿರಲಿಲ್ಲ.

ಎರಡು, ಮೂರನೆಯ ಕಟ್ಟುಗಳನ್ನೂ ಯಂತ್ರ ಎಣಿಸಿದೆ. ಎರಡರಲ್ಲೂ ಸೇರಿ ನಿನಗೂ ಅದಕ್ಕೂ ಹನ್ನೊಂದು ಗುಳಿಯ ವ್ಯತ್ಯಾಸ. ಧೂಳು ಎಣಿಸಿದೆಯಾ ಅಂತ ನಿನ್ನನ್ನು ಕೇಳಿದ ಬಾಯಿ ನನ್ನದು.

ನಿನ್ನ ಕಾಗದ ಬಂದ ದಿನ ಹಳೆಯದನ್ನೆಲ್ಲ ಹರಡಿಕೊಂಡು ಕೂತೆ. ಜನವರಿ ಒಂಬತ್ತರ ಕಾಗದದಲ್ಲಿ ನೀನೇ ಬರೆದಿದ್ದೀಯ: ಗೆರೆ ನಡುಭಾಗದಲ್ಲಿ ಸೊಟ್ಟಗಾಗಿವೆ, ಐದನೆಯ ಬಿಲ್ಲೆಗೆ ಬರುವಾಗ ನೆಟ್ಟಗಾದವು. ಅದೇ ಲಕೋಟೆಯಲ್ಲಿ ಹಾಳೆ: ನಾಲ್ಕರವರೆಗೆ ಕಡಿಮೆ, ಐದಕ್ಕೆ ತಟ್ಟನೆ ಜಾಸ್ತಿ. ಎರಡೂ ಒಟ್ಟಿಗೆ ನನ್ನ ಕೈಯಲ್ಲಿದ್ದವು. ನಾನು ಒಂದಕ್ಕೆ ತಮಾಷೆ ಮಾಡಿದೆ, ಇನ್ನೊಂದನ್ನು ಗೋಡೆಗೆ ಅಂಟಿಸಿದೆ. ಆಶ್ಚರ್ಯದ್ದು ಅನ್ನಿಸಿದ ಐದನ್ನು ಮಾತ್ರ ಮತ್ತೆ ಎಣಿಸು ಅಂದೆ, ಸುಮ್ಮನಿದ್ದ ನಾಲ್ಕನ್ನು ಕೇಳಲೇ ಇಲ್ಲ. ಮೂರು ತಿಂಗಳು ಆ ಚಿತ್ರ ನನ್ನ ಮೇಜಿನ ಎದುರಿಗಿತ್ತು. ಹೋಗಿಬರುವವರಿಗೆಲ್ಲ ಇದು ಆಘಾತ ತರಂಗ ಅಂತ ತೋರಿಸುತ್ತಿದ್ದೆ. ಅದು ನಿನ್ನ ಬಲಗಣ್ಣು ಹೋಗುತ್ತಿದ್ದ ಚಿತ್ರ, ಅಕ್ಕ. ಡಾಕ್ಟರಿಗಿಂತ ಏಳು ತಿಂಗಳು ಮುಂಚೆ ನನಗೆ ಅದು ತಲುಪಿತ್ತು.

ಹತ್ತನೆಯ ತಾರೀಖು ಬರುತ್ತೇನೆ. ಇನ್ನು ಮೇಲೆ ಪ್ರತಿ ಇಂಜೆಕ್ಷನ್‌ಗೂ ನಾನೇ ಕರೆದುಕೊಂಡು ಹೋಗುವುದು. ಪಂಪುಗಳು ಒಂದು ದಿನ ನಾನಿಲ್ಲದೆಯೂ ತಿರುಗುತ್ತವೆ.

ಆ ಚಿತ್ರ ಇನ್ನೂ ನನ್ನ ಹತ್ತಿರವಿದೆ. ಇವತ್ತು ಹರಿದು ಬಿಸಾಡುತ್ತೇನೆ.

ತಮ್ಮ


3 ಸೆಪ್ಟೆಂಬರ್

ಗುಡುಗಪ್ಪಾ,

ಇದನ್ನು ನಾನೇ ಬರೆಯುತ್ತಿದ್ದೇನೆ, ದರ್ಜಿಯವರು ಬಟ್ಟೆಗೆ ಗುರುತು ಹಾಕುವ ದಪ್ಪ ಪೆನ್ಸಿಲಿನಲ್ಲಿ. ಸಾಲುಗಳು ಒಂದರ ಮೇಲೊಂದು ಹತ್ತಿದ್ದರೆ ಬಿಡಿಸಿಕೊಂಡು ಓದು.

ನಿನ್ನ ಕಾಗದವನ್ನು ದರ್ಜಿಯವರು ಪೂರ್ತಿ ಓದಿ ಹೇಳಿದರು. ನಾನು ಸುಳ್ಳು ಎಣಿಸುವವಳಲ್ಲ. ಅದು ನಿನಗೆ ಗೊತ್ತಿರಬೇಕಿತ್ತು. ಆ ವಿಷಯಕ್ಕೆ ಬಂದಾಗ ಬೈಯುತ್ತೇನೆ, ತಯಾರಾಗಿ ಬಾ.

ಮೊನ್ನೆ ಎಡಗಣ್ಣಿಗೆ ಮೊದಲ ಇಂಜೆಕ್ಷನ್ ಆಯಿತು. ಅಷ್ಟೇನೂ ನೋವಾಗಲಿಲ್ಲ.

ಆ ಚಿತ್ರ ಹರಿಯಬೇಡ. ಪ್ರತಿ ಕಳಿಸು ಅಂದಿದ್ದೆ, ನೀನು ಮರೆತೆ. ನನ್ನ ಬಲಗಣ್ಣು ಮಾಡಿದ ಕೊನೆಯ ಕೆಲಸ ಅದು. ಬರುವಾಗ ತಾ, ಎಡಗಣ್ಣು ಇರುವಾಗ ಒಮ್ಮೆ ನೋಡುತ್ತೇನೆ.

ಅಕ್ಕ